ಇಪ್ಪತ್ತೆಂಟೋ ಮೂವತ್ತೆರಡೋ

ಮಾನ್ಯ ಅಧ್ಯಕ್ಷರೇ, ನನ್ನ ಬಗ್ಗೆ ಇಷ್ಟು ಹೊತ್ತು ಮಾತನಾಡಿ ಗಂಟಲು ಒಣಗಿಸಿಕೊಂಡ ನಮ್ಮ ಆಸ್ಪತ್ರೆಯ ಅಧೀಕ್ಷಕರೇ, ಮುಖ್ಯ ಅತಿಥಿಗಳೇ, ಸಹೋದ್ಯೋಗಿಗಳೇ, ವಿದ್ಯಾರ್ಥಿಗಳೇ, ಮೂರನೆಯ ಸಾಲಿನಲ್ಲಿ ಕುಳಿತು ಆಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ನಮ್ಮ ಮನೆಯವರೇ, ಮತ್ತು ನನ್ನ ಪ್ರೀತಿಯ ಸಭಿಕರೇ,

ನಿವೃತ್ತಿಯ ದಿನ ಯಾರ ಬಗ್ಗೆಯಾದರೂ ಒಳ್ಳೆಯದನ್ನೇ ಹೇಳುತ್ತಾರೆ. ಅದನ್ನು ತಲೆ ತಗ್ಗಿಸಿ ಕೇಳಿಸಿಕೊಳ್ಳುವುದೇ ಮರ್ಯಾದೆ. ನಾನೂ ಹಾಗೇ ಕುಳಿತಿದ್ದೆ. ಕ್ಷಕಿರಣ ವಿಭಾಗವನ್ನು ಕಟ್ಟಿ ಬೆಳೆಸಿದವರು ಎಂದರು, ಒಪ್ಪಿಕೊಂಡೆ. ಶಿಸ್ತಿನವರು ಎಂದರು, ಅದನ್ನೂ ಒಪ್ಪಿಕೊಂಡೆ. ಆಗ ಹಿಂದಿನ ಸಾಲುಗಳಲ್ಲಿ ಸಣ್ಣ ನಗು ಹರಿದಾಡಿದ್ದು ಕೇಳಿಸಿತು. ನೀವೆಲ್ಲ ನನ್ನನ್ನು ‘ಸ್ಕೇಲು ಮೇಡಂ’ ಎಂದು ಕರೆಯುವುದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದೀರಾ? ಆ ಹೆಸರಿಟ್ಟ ಹುಡುಗ ಇವತ್ತು ಇನ್ನೊಂದು ಆಸ್ಪತ್ರೆಯಲ್ಲಿ ವಿಭಾಗದ ಮುಖ್ಯಸ್ಥ. ಅವನನ್ನು ಅವನ ವಿದ್ಯಾರ್ಥಿಗಳು ಏನೆಂದು ಕರೆಯುತ್ತಾರೋ, ಕೇಳಬೇಕು.

ಆದರೆ ಅಧೀಕ್ಷಕರು ಕೊನೆಯಲ್ಲಿ ಒಂದು ಮಾತು ಹೇಳಿದರು. ‘ತಮಗೇ ಶ್ವಾಸಕೋಶದ ಕ್ಯಾನ್ಸರ್ ಬಂದಾಗ ಮೇಡಂ ತಮ್ಮ ಸ್ಕ್ಯಾನನ್ನು ತಾವೇ ವೈದ್ಯರ ಸಭೆಯ ಮುಂದೆ ಓದಿ ಹೇಳಿದರು. ಧೈರ್ಯ ಅಂದರೆ ಅದು.’ ಜೋರಾದ ಚಪ್ಪಾಳೆ ಬಿತ್ತು. ಅಧೀಕ್ಷಕರು ಈ ಆಸ್ಪತ್ರೆಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಯಾರೋ ಹೇಳಿದ್ದನ್ನು ನಂಬಿ ಹೇಳಿದ್ದಾರೆ, ಅವರ ತಪ್ಪಿಲ್ಲ. ಆದರೆ ಆ ಚಪ್ಪಾಳೆಯ ನಡುವೆ ಈ ಸಭೆಯಲ್ಲಿ ಕೆಲವರು ಕೈ ತಟ್ಟದೆ ನೆಲ ನೋಡಿದರು. ಆ ದಿನ ಆ ಕೋಣೆಯಲ್ಲಿದ್ದವರು ಅವರು. ಅವರನ್ನು ನೋಡಿ ನನ್ನ ಮುಖ ಬಿಸಿಯಾಯಿತು. ಈಗಲೂ ಬಿಸಿಯಾಗಿಯೇ ಇದೆ. ಧನ್ಯವಾದಗಳ ನಾಲ್ಕು ಮಾತು ಹೇಳಿ ಕೂರೋಣ ಎಂದು ಬಂದವಳು, ಈಗ ಬೇರೆಯೇ ಮಾತನಾಡಬೇಕಾಗಿದೆ.

ಮೊದಲು, ವೈದ್ಯರಲ್ಲದವರಿಗಾಗಿ ಸ್ವಲ್ಪ ಪಾಠ. ಕೊನೆಯ ಪಾಠ, ಸಹಿಸಿಕೊಳ್ಳಿ.

ಶ್ವಾಸಕೋಶದಲ್ಲಿ ಗಡ್ಡೆ ಇದೆ ಎಂದು ಸ್ಕ್ಯಾನಿನಲ್ಲಿ ಕಂಡಾಗ ನಾವು ಅದನ್ನು ಮೂರು ಪ್ರಶ್ನೆ ಕೇಳುತ್ತೇವೆ. ನೀನು ಎಷ್ಟು ದೊಡ್ಡವನು? ನಿನ್ನ ಪಕ್ಕದ ಮನೆಗಳಿಗೆ ಹೋಗಿದ್ದೀಯಾ? ಊರು ಬಿಟ್ಟು ದೂರ ಹೋಗಿದ್ದೀಯಾ? ಗಾತ್ರದ ಮೊದಲ ಗೆರೆ ಮೂರು ಸೆಂಟಿಮೀಟರ್. ಅದರೊಳಗಿದ್ದರೆ ಒಂದು ಮೆಟ್ಟಿಲು, ದಾಟಿದರೆ ಮುಂದಿನದು. ಐದಕ್ಕೆ ಇನ್ನೊಂದು, ಏಳಕ್ಕೆ ಮತ್ತೊಂದು. ಪಕ್ಕದ ಮನೆಗಳೆಂದರೆ ದುಗ್ಧಗ್ರಂಥಿಗಳು. ಹುರುಳಿಕಾಳಿನಂತೆ ಶ್ವಾಸನಾಳದ ಸುತ್ತ ಕುಳಿತಿರುತ್ತವೆ. ಗಡ್ಡೆಯಿಂದ ಹೊರಟ ಜೀವಕೋಶಗಳು ಸಾಮಾನ್ಯವಾಗಿ ಮೊದಲು ತಂಗುವುದು ಅಲ್ಲಿ. ದೂರವೆಂದರೆ ಇನ್ನೊಂದು ಶ್ವಾಸಕೋಶ, ಯಕೃತ್ತು, ಮೂಳೆ, ಮೆದುಳು. ಈ ಮೂರು ಉತ್ತರಗಳನ್ನು ಕೂಡಿಸಿದರೆ ಸಿಗುವುದೇ ಹಂತ. ಒಂದರಿಂದ ನಾಲ್ಕು. ಕೊಯ್ದು ತೆಗೆಯಬಹುದೋ, ಮೊದಲು ಔಷಧಿಯೋ, ಬರೀ ಔಷಧಿಯೋ, ಎಲ್ಲ ಆ ಹಂತದ ಮೇಲೆ ನಿಂತಿದೆ.

ಎಷ್ಟು ಸುಲಭವಾಗಿ ಹೇಳಿದೆ ನೋಡಿ. ವೃತ್ತಿಯುದ್ದಕ್ಕೂ ಹೀಗೇ ಹೇಳಿದ್ದೇನೆ. ಗೆರೆ ಎಳೆದು, ಅಂಕಿ ಬರೆದು, ಮುಂದಿನದು ಎಂದಿದ್ದೇನೆ.

ನನಗೆ ಕೆಮ್ಮು ಶುರುವಾಗಿ ತಿಂಗಳುಗಳಾಗಿದ್ದವು. ಸ್ಕ್ಯಾನ್ ಓದುವ ಕೋಣೆಯ ಎ.ಸಿ. ಮೇಲೆ ಹಾಕಿದೆ, ಧೂಳಿನ ಮೇಲೆ ಹಾಕಿದೆ. ‘ರೀ, ಹೋಗಿ ತೋರಿಸ್ಕೊಳ್ರೀ ಡಾಕ್ಟರಿಗೆ’ ಎಂದು ಮನೆಯವರು ಅಂದರೆ, ‘ನಾನೇ ಡಾಕ್ಟರು’ ಎನ್ನುತ್ತಿದ್ದೆ. ಅವರು ಭೂಗೋಳದ ಮೇಷ್ಟ್ರು, ಸಿಟ್ಟು ಬಂದಾಗ ಮಾತ್ರ ನನಗೆ ಬಹುವಚನ. ಕೊನೆಗೆ ಎಕ್ಸ್‌ರೇಯಲ್ಲಿ ಬಲಗಡೆ ಮೇಲೊಂದು ನೆರಳು ಕಂಡಿತು. ಸ್ಕ್ಯಾನಿಗೆ ನನ್ನದೇ ವಿಭಾಗದ ಮೇಜಿನ ಮೇಲೆ ಮಲಗಿದೆ.

ನಮ್ಮ ಯಂತ್ರದೊಳಗಿಂದ ಒಂದು ದನಿ ಬರುತ್ತದಲ್ಲ, ‘ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ’ ಎಂದು? ಅದು ನನ್ನ ದನಿ. ಯಂತ್ರ ಬಂದಾಗ ನಾನೇ ಧ್ವನಿಮುದ್ರಿಸಿದ್ದೆ. ಗಾಬರಿಯಾದವರಿಗೂ ಅರ್ಥವಾಗುವಂತೆ ಸ್ಪಷ್ಟವಾಗಿ ಹೇಳಿದ್ದೇನೆಂಬ ಹೆಮ್ಮೆಯಿತ್ತು. ಆವತ್ತು ಕೈಗಳನ್ನು ತಲೆಯ ಮೇಲೆ ಚಾಚಿ, ಹಿಂದೆ ಕಟ್ಟುವ ಆ ತೆಳು ಅಂಗಿಯಲ್ಲಿ ಮಲಗಿದ್ದಾಗ ಗೊತ್ತಾಯಿತು, ಆ ದನಿ ಎಷ್ಟು ಗಡುಸಾಗಿದೆಯೆಂದು. ಶಾಲೆಯಲ್ಲಿ ತಪ್ಪು ಮಾಡಿದ ಮಗುವಿಗೆ ಹೇಳಿದಂತಿತ್ತು. ಇಷ್ಟು ವರ್ಷ ಈ ದನಿಗೆ ಎಷ್ಟು ಜನ ಉಸಿರು ಬಿಗಿಹಿಡಿದು ಮಲಗಿದ್ದರೋ.

ಸ್ಕ್ಯಾನ್ ಮುಗಿದ ಮೇಲೆ ರೋಗಿ ಏನು ಮಾಡಬೇಕು? ಬಟ್ಟೆ ಬದಲಿಸಿ ಹೊರಗೆ ಹೋಗಬೇಕು. ನಾನು ಆ ಅಂಗಿಯಲ್ಲೇ, ಹಿಂದೆ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು, ಪಕ್ಕದ ಕೋಣೆಯ ಪರದೆಯ ಮುಂದೆ ನಿಂತೆ. ‘ದೊಡ್ಡಣ್ಣ, ತೋರಿಸಿ’ ಎಂದೆ. ಯಂತ್ರ ನಡೆಸುವ ನಮ್ಮ ಹಿರಿಯ ತಂತ್ರಜ್ಞರನ್ನು ಎಲ್ಲರೂ ದೊಡ್ಡಣ್ಣ ಎಂದೇ ಕರೆಯುವುದು. ‘ಮೇಡಂ, ಮೊದ್ಲು ಬಟ್ಟೆ ಹಾಕ್ಕೊಂಡ್ ಬನ್ನಿ’ ಎಂದರು. ಹೋಗಲಿಲ್ಲ ನಾನು. ಅವರು ಕುರ್ಚಿ ಬಿಟ್ಟು ಎದ್ದು, ಗೋಡೆ ಕಡೆ ಮುಖ ಮಾಡಿ ನಿಂತರು.

ಗಡ್ಡೆ ನೋಡಿದೆ. ಶ್ವಾಸನಾಳದ ಬಲಕ್ಕೆ ಊದಿಕೊಂಡಿದ್ದ ಒಂದು ಗ್ರಂಥಿಯನ್ನೂ ನೋಡಿದೆ. ಎರಡನ್ನೂ ಒಂದೇ ಕ್ಷಣದಲ್ಲಿ ನೋಡಿದೆ. ಹೊರಗೆ ಬಂದಾಗ ಮನೆಯವರು ಎದ್ದು ನಿಂತು, ‘ಏನಂತೆ?’ ಎಂದರು. ‘ಸಣ್ಣದು. ಮೊದಲ್ನೇ ಹಂತ ಇರ್ಬೇಕು’ ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ‘ಸರಿ, ನಡಿ’ ಎಂದರು.

ಇದನ್ನು ಹೇಳಬೇಕೆಂದಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು.

ಇರಲಿ. ವೈದ್ಯರ ಸಭೆಯ ವಿಷಯಕ್ಕೆ ಬರುತ್ತೇನೆ. ವಾರಕ್ಕೊಮ್ಮೆ ಶಸ್ತ್ರಚಿಕಿತ್ಸಕರು, ಔಷಧಿ ಕೊಡುವವರು, ವಿಕಿರಣ ಕೊಡುವವರು, ನಾವು, ಎಲ್ಲ ಒಂದು ಕೋಣೆಯಲ್ಲಿ ದೀಪ ಆರಿಸಿ ಕುಳಿತು ಒಬ್ಬೊಬ್ಬ ರೋಗಿಯ ಹಂತ ನಿರ್ಧರಿಸುತ್ತೇವೆ. ರೋಗಿಯ ಹೆಸರು ಹೇಳುವುದಿಲ್ಲ. ವಯಸ್ಸು, ಗಂಡೋ ಹೆಣ್ಣೋ, ಅಷ್ಟೇ. ನನ್ನ ಸ್ಕ್ಯಾನಿನ ವರದಿ ಬರೆದಿದ್ದವರು ನನ್ನ ಕೈಕೆಳಗೇ ಕಲಿತ ಕಿರಿಯ ವೈದ್ಯೆ. ಇವತ್ತಿನಿಂದ ನನ್ನ ಕುರ್ಚಿ ಅವರದ್ದು. ಅಲ್ಲಿ ಬಾಗಿಲ ಹತ್ತಿರ ನಿಂತಿದ್ದಾರೆ, ಕೂತುಕೊಳ್ಳಮ್ಮ, ಓಡಿಹೋಗಬೇಡ.

ಆ ಸಭೆಗೆ ನಾನು ಹೋಗಬಾರದಿತ್ತು. ಹೋದೆ. ‘ನನ್ನ ಸ್ಕ್ಯಾನ್ ನಾನೇ ಓದ್ತೀನಿ’ ಎಂದೆ. ಬೇಡ ಎನ್ನುವ ಎದೆ ಯಾರಿಗಿತ್ತು? ಎಲ್ಲರಿಗೂ ನಾನೊಂದಲ್ಲ ಒಂದು ದಿನ ಬೈದಿದ್ದೆ. ದೀಪ ಆರಿತು. ‘ಐವತ್ತೊಂಬತ್ತು ವರ್ಷದ ಮಹಿಳೆ’ ಎಂದು ಶುರು ಮಾಡಿದೆ. ಯಾರೋ ಕುರ್ಚಿ ಸರಿಸಿಕೊಂಡರು. ನನ್ನ ಪಕ್ಕೆಲುಬು, ನನ್ನ ಹೃದಯ, ವಯಸ್ಸಿಗೆ ತಕ್ಕಂತೆ ಸವೆದ ನನ್ನ ಬೆನ್ನುಮೂಳೆ, ಎಲ್ಲ ಗೋಡೆಯಷ್ಟು ದೊಡ್ಡದಾಗಿ ಬಿದ್ದಿತ್ತು. ಇಷ್ಟು ವರ್ಷ ಜೊತೆಗೆ ಕಾಫಿ ಕುಡಿದವರ ಮುಂದೆ ಅದನ್ನು ಕೋಲಿನಲ್ಲಿ ತೋರಿಸುತ್ತ ನಿಂತಿದ್ದೆ. ಬಟ್ಟೆಯಿಲ್ಲದೆ ನಿಂತಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

‘ಗಡ್ಡೆ ಇಪ್ಪತ್ತೆಂಟು ಮಿಲಿಮೀಟರ್’ ಎಂದೆ.

ಕತ್ತಲಲ್ಲಿ ಒಂದು ದನಿ ಬಂತು. ‘ಮೇಡಂ, ವರದಿಯಲ್ಲಿ ಮೂವತ್ತೆರಡು ಇದೆ.’

‘ನೀನು ಅಂಚನ್ನೂ ಸೇರಿಸಿದ್ದೀಯ. ಅದು ಗಡ್ಡೆ ಅಲ್ಲ, ಪಕ್ಕದಲ್ಲಿ ಕುಸಿದಿರೋ ಶ್ವಾಸಕೋಶ.’

‘ಇಲ್ಲ ಮೇಡಂ. ನಾನು ಓರೆಯಾಗಿ ಅಳೆದೆ. ಆ ಕಡೆಯಿಂದ ಅದು ಉದ್ದ ಇದೆ.’

ವಿದ್ಯಾರ್ಥಿಗಳೇ, ‘ಗಡ್ಡೆ ಮಲಗಿದ ಹಾಗೆ ಅಳೆಯಬೇಕು, ನಾವು ರೋಗಿಯನ್ನು ಮಲಗಿಸಿದ ಹಾಗಲ್ಲ’ ಎಂದು ನಿಮಗೆ ಕಲಿಸಿದವರು ಯಾರು? ಈ ತಪ್ಪಿಗೆ ನಿಮ್ಮನ್ನು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದವರು ಯಾರು? ಅದೇ ಹೆಂಗಸು ಆವತ್ತು ಗೆರೆಯನ್ನು ಆಚೆ ಎಳೆದು, ಈಚೆ ಎಳೆದು, ತರಕಾರಿಯವನ ಹತ್ತಿರ ಚೌಕಾಸಿ ಮಾಡಿದಂತೆ ಮಾಡಿದಳು. ‘ಮೂವತ್ತು ಅಂತ ಇಟ್ಕೊಳ್ಳೋಣ’ ಎಂದೂ ಹೇಳಿದಳು. ಮೂವತ್ತು ಅಂತ ಇಟ್ಟುಕೊಳ್ಳಲು ಅದೇನು ಬೆಂಡೆಕಾಯಿಯೇ?

ತಮಾಷೆ ಏನೆಂದರೆ, ಇಪ್ಪತ್ತೆಂಟಾದರೂ ಮೂವತ್ತೆರಡಾದರೂ, ಗ್ರಂಥಿಗಳು ಸ್ವಚ್ಛವಾಗಿದ್ದರೆ ಎರಡೂ ಮೊದಲನೆಯ ಹಂತವೇ. ನಾನು ಜಗಳವಾಡಿದ್ದು ಒಂದೇ ಮನೆಯ ಎರಡು ಕೋಣೆಗಳಿಗಾಗಿ. ನಾಲ್ಕು ಮಿಲಿಮೀಟರಿಗೆ ಅಷ್ಟು ಗಲಾಟೆ ಮಾಡಿದವಳು ಆಮೇಲೆ ಚಿತ್ರಗಳನ್ನು ಸರಸರನೆ ಸರಿಸಿ, ‘ಯಕೃತ್ತು ಸರಿಯಿದೆ, ಮೂಳೆ ಸರಿಯಿದೆ, ಮುಗೀತು’ ಎಂದೆ.

ಆ ಊದಿದ ಗ್ರಂಥಿಯ ಮಾತೇ ನಾನು ಎತ್ತಲಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಕಂಡಿತ್ತು.

‘ಮೇಡಂ, ಸ್ವಲ್ಪ ಹಿಂದಕ್ಕೆ ಹೋಗ್ಬಹುದಾ?’ ಎಂದರು ಆ ಕಿರಿಯ ವೈದ್ಯೆ. ‘ಶ್ವಾಸನಾಳದ ಪಕ್ಕದ ಗ್ರಂಥಿ. ನೀವು ಅದರ ಬಗ್ಗೆ ಹೇಳ್ಲಿಲ್ಲ.’

ಆಗ ನಾನೇನು ಹೇಳಿದೆ ಗೊತ್ತೇ? ‘ಅದು ಹಳೇ ಊತ. ಚಿಕ್ಕಂದಿನಲ್ಲಿ ನಂಗೆ ಕ್ಷಯ ಆಗಿತ್ತು’ ಎಂದೆ. ನನಗೆ ಯಾವತ್ತೂ ಕ್ಷಯ ಆಗಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಆಗಿಲ್ಲ. ಮಕ್ಕಳಿಗೆ ಶೀತವಾದರೂ ಊರೆಲ್ಲ ಓಡಾಡುತ್ತಿದ್ದ ನನ್ನಮ್ಮ ಬದುಕಿದ್ದಿದ್ದರೆ ಆ ಕೋಣೆಗೇ ಬಂದು ಕಿವಿ ಹಿಂಡುತ್ತಿದ್ದಳು. ನನ್ನ ದನಿ ಹೇಗಿತ್ತೆಂದರೆ, ಆ ಸುಳ್ಳನ್ನು ಅಲ್ಲಿ ಒಬ್ಬರೂ ನಂಬಲಿಲ್ಲ; ಒಬ್ಬರೂ ಅಲ್ಲಗಳೆಯಲೂ ಇಲ್ಲ. ಅವರ ಆ ಮೌನವನ್ನು ಸಹಿಸುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

‘ಆಗಿದ್ರೂ ಇರ್ಬಹುದು ಮೇಡಂ’ ಎಂದರು ಕಿರಿಯ ವೈದ್ಯೆ. ‘ಸೂಜಿ ಹಾಕಿ ಒಂದು ಚೂರು ತೆಗೆದು ನೋಡೋಣ. ಬೇರೆಯವರದಾಗಿದ್ರೆ ನೀವೂ ಅದನ್ನೇ ಹೇಳ್ತಿದ್ರಿ.’

ದೀಪ ಹಾಕುವ ಮೊದಲೇ ಎದ್ದು ಹೋದೆ. ನೇರ ಕೈ ತೊಳೆಯುವ ಕೋಣೆಗೆ. ನಲ್ಲಿ ತಿರುಗಿಸಿ, ನೀರು ಹರಿಯಲು ಬಿಟ್ಟು ನಿಂತೆ. ಹಿಂದೆಯೇ ಬಾಗಿಲು ತೆರೆದುಕೊಂಡಿತು. ಅವರೇ. ನಾನು ಕನ್ನಡಿಯಲ್ಲೂ ಅವರ ಕಡೆ ನೋಡಲಿಲ್ಲ.

‘ಮೇಡಂ, ನಾನು ಮೊದ್ಲು ಇಪ್ಪತ್ತೆಂಟೇ ಬರೆದಿದ್ದೆ’ ಎಂದರು.

‘ಯಾಕೆ?’

‘ನಿಮ್ಮದು ಅಂತ ಗೊತ್ತಿತ್ತಲ್ಲ. ಚಿಕ್ಕದಾಗ್ಲಿ ಅಂತ ಅನ್ನಿಸ್ತು. ಮತ್ತೆ ಮತ್ತೆ ಅಳೆದೆ ಮೇಡಂ, ಎಲ್ಲಾದ್ರೂ ಕಡಿಮೆ ಬರತ್ತೇನೋ ಅಂತ. ಗ್ರಂಥಿ ಹತ್ರ ಬಂದಾಗ ಎದ್ದು ಹೊರಗೆ ಹೋಗಿ ಒಂದು ಸುತ್ತು ಹಾಕ್ಕೊಂಡ್ ಬಂದೆ.’

‘ಆಮೇಲೆ?’

‘ಆಮೇಲೆ ಅದು ನಿಮ್ಮದಲ್ಲ ಅಂದ್ಕೊಂಡು ಬರೆದೆ.’

ಅವರು ನಲ್ಲಿ ನಿಲ್ಲಿಸಿದರು. ಇಬ್ಬರೂ ಅತ್ತೆವು ಎಂದು ಹೇಳಿದರೆ ಈಗ ಆಕೆಗೆ ಮುಜುಗರವಾಗುತ್ತದೆ. ಹೇಳುವುದಿಲ್ಲ.

ಸೂಜಿಯ ಫಲಿತಾಂಶ ಬಂತು. ಗ್ರಂಥಿಯಲ್ಲಿ ಕ್ಯಾನ್ಸರ್ ಇತ್ತು. ಮೂರನೆಯ ಹಂತ. ಆ ದಿನ ನನ್ನ ಮಾತು ಕೇಳಿ ನೇರವಾಗಿ ಕೊಯ್ದಿದ್ದರೆ, ಮೊದಲು ಕೊಡಬೇಕಾಗಿದ್ದ ಔಷಧಿ ತಪ್ಪಿಹೋಗುತ್ತಿತ್ತು. ಮೊದಲು ಔಷಧಿ ಕೊಟ್ಟರು, ಕೂದಲು ಹೋಯಿತು, ಗಡ್ಡೆ ಕುಗ್ಗಿತು. ಆಮೇಲೆ ಶ್ವಾಸಕೋಶದ ಒಂದು ಭಾಗವನ್ನೂ ಆ ಗ್ರಂಥಿಗಳನ್ನೂ ತೆಗೆದರು. ಮೆಟ್ಟಿಲು ಹತ್ತುವಾಗ ಈಗ ನಡುವೆ ನಿಲ್ಲುತ್ತೇನೆ. ಕೊನೆಯ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಅದರರ್ಥ ಏನೂ ಇಲ್ಲವೆಂದಲ್ಲ, ಏನೂ ಕಾಣಲಿಲ್ಲವೆಂದು. ಈ ವ್ಯತ್ಯಾಸವನ್ನೂ ನಾನೇ ಕಲಿಸಿದ್ದು.

ನಾನು ಕೆಲಸಕ್ಕೆ ಮರಳಿದಾಗ ಎಲ್ಲರೂ ಆ ಸಭೆಯನ್ನೇ ಕೊಂಡಾಡುತ್ತಿದ್ದರು. ‘ಮೇಡಂ ತಮ್ಮ ಸ್ಕ್ಯಾನ್ ತಾವೇ ಓದಿದ್ರಂತೆ.’ ಆ ಕೋಣೆಯಲ್ಲಿದ್ದವರು ಅಷ್ಟನ್ನು ಮಾತ್ರ ಹೊರಗೆ ಬಿಟ್ಟಿದ್ದರು. ಚೌಕಾಸಿ, ಕ್ಷಯ, ಎಲ್ಲವನ್ನೂ ತಮ್ಮಲ್ಲೇ ಇಟ್ಟುಕೊಂಡಿದ್ದರು. ಬೈಸಿಕೊಂಡವರೇ ನನ್ನ ಮಾನ ಮುಚ್ಚಿದ್ದರು. ಅದಕ್ಕೆ ಕೃತಜ್ಞಳಾಗಿದ್ದೇನೆ. ಆದರೆ ನೀವು ಚಪ್ಪಾಳೆ ತಟ್ಟಿದಾಗಲೆಲ್ಲ ನನಗೆ ನಾಚಿಕೆಯೇ ಆಗುತ್ತದೆ. ಈಗಲೂ ತಟ್ಟಬೇಡಿ, ದಯವಿಟ್ಟು. ಇದನ್ನು ಹೇಳಿದ್ದಕ್ಕೂ ತಟ್ಟಬೇಡಿ.

ಈಗ ಮೂರನೆಯ ಸಾಲಿನತ್ತ ನೋಡಲು ನನಗೆ ಧೈರ್ಯವಿಲ್ಲ. ಆದರೂ ನೋಡುತ್ತಿದ್ದೇನೆ. ಅವರು ಗಡಿಯಾರ ಬಿಟ್ಟು ನನ್ನನ್ನೇ ನೋಡುತ್ತಿದ್ದಾರೆ. ತಲೆ ಆಡಿಸುತ್ತಿದ್ದಾರೆ, ಗೊತ್ತಿತ್ತು ಎನ್ನುವ ಹಾಗೆ. ಗೊತ್ತಿತ್ತಾ ನಿಮಗೆ? ಆ ದಿನವೇ? ನನ್ನ ಮುಖ ನೋಡಿಯೇ? ಹಾಗಾದರೆ ನನ್ನ ಜೊತೆ ಮನೆಗೆ ನಡೆದು, ಅಡುಗೆ ಮಾಡಿ, ‘ಮೊದಲ್ನೇ ಹಂತ ಅಂತೆ, ಏನೂ ಭಯ ಇಲ್ಲ’ ಎಂದು ನಿಮ್ಮಕ್ಕನಿಗೆ ಫೋನಿನಲ್ಲಿ ಹೇಳಿದ್ದು, ಎಲ್ಲ ಗೊತ್ತಿದ್ದೇ ಹೇಳಿದ್ದಾ?

ಸಭಿಕರು ಕ್ಷಮಿಸಬೇಕು. ಇದು ಮನೆಯಲ್ಲಿ ಕೇಳಬೇಕಾದ ಪ್ರಶ್ನೆ.

ಮುಂದಿನ ವಾರ ನನಗೆ ಮತ್ತೆ ಸ್ಕ್ಯಾನ್ ಇದೆ. ಓದುವವರು ಹೊಸ ಮುಖ್ಯಸ್ಥೆ. ಮಲಗುತ್ತೇನೆ, ಏಳುತ್ತೇನೆ, ಬಟ್ಟೆ ಹಾಕಿಕೊಂಡು ಹೊರಗೆ ಬರುತ್ತೇನೆ. ಬಾಗಿಲ ಹೊರಗೆ ಕಾಯುವುದು ಹೇಗೆಂದು ನನಗೆ ಗೊತ್ತಿಲ್ಲ. ಇಷ್ಟು ವರ್ಷ ಆ ಬಾಗಿಲ ಒಳಗೇ ಇದ್ದವಳು ನಾನು. ಅಲ್ಲಿ ಕೂರುವಾಗ ಕೈ ಎಲ್ಲಿಟ್ಟುಕೊಳ್ಳಬೇಕು, ಕಣ್ಣು ಎಲ್ಲಿಡಬೇಕು, ಒಳಗಿನಿಂದ ಯಾರೋ ಬಂದಾಗ ಎದ್ದು ನಿಲ್ಲಬೇಕೋ ಬೇಡವೋ, ಅದನ್ನೆಲ್ಲ ನಮ್ಮ ಮನೆಯವರು ಹೇಳಿಕೊಡಬೇಕು. ಅವರಿಗೆ ಅಭ್ಯಾಸವಿದೆ.

ನನ್ನನ್ನು ಇಷ್ಟು ಕಾಲ ಸಹಿಸಿಕೊಂಡ ದೊಡ್ಡಣ್ಣನಿಗೆ, ಆ ಕೋಣೆಯಲ್ಲಿದ್ದೂ ಬಾಯಿಬಿಡದ ಗೆಳೆಯರಿಗೆ, ಸರಿಯಾಗಿ ಅಳೆದ ಆ ಹುಡುಗಿಗೆ, ಇಷ್ಟು ಹೊತ್ತು ಅಲುಗಾಡದೆ ಕೇಳಿದ ನಿಮಗೆಲ್ಲರಿಗೂ ನಾನು ಋಣಿ. ಇನ್ನು ಉಸಿರು ಬಿಡಬಹುದು.

ನಮಸ್ಕಾರ.