ಆಟಿಯಲ್ಲಿ ಉಳಿದ ಊರು

ವೇದಿಕೆಯ ನಡುವೆ ಕುಳಿತಿರುವ ಸಂಘದ ಅಧ್ಯಕ್ಷರಾದ ಕರಿಬಸವ ಅವರೇ, ಮುಖ್ಯ ಅತಿಥಿಗಳಾದ ಪ್ಯಾಟ್ರಿಶಿಯಾ ಟೀಚರೇ, ಉಡುಪಿ, ಮಣಿಪಾಲ, ಬಜಗೋಳಿಯಿಂದ ಭಾನುವಾರದ ಕೆಲಸ ಬಿಟ್ಟು ಕಾರ್ಕಳದ ಈ ಸಭಾಭವನಕ್ಕೆ ಬಂದಿರುವ ಸಂಗನಮಟ್ಟಿಯ ಬಂಧುಗಳೇ, ಮೂರನೆಯ ಸಾಲಿನಲ್ಲಿ ಫ್ಯಾನಿನ ಕೆಳಗೆ ಜಾಗ ಹಿಡಿದಿರುವ ನನ್ನ ಹೆಂಡತಿ ಕುಶಲಾ ಅವರೇ, ಸಭಿಕರೇ.

ಹೆಂಡತಿಯ ಹೆಸರನ್ನು ಬೇರೆಯಾಗಿ ಯಾಕೆ ಹೇಳಿದೆ? ಘಟ್ಟದ ಮೇಲಿನಿಂದ ಬಂದ ನಿಮಗಿದು ಶ್ರಾವಣ, ಶುಭಕಾರ್ಯಗಳ ತಿಂಗಳು. ನಮಗೆ ತುಳುವರಿಗೆ ಇವು ಆಟಿ ತಿಂಗಳ ಕೊನೆಯ ದಿನಗಳು, ಸೋಣ ತಿಂಗಳು ಹುಟ್ಟಿದ ಮೇಲೆಯೇ ನಮಗೆ ಶುಭ. ಆಟಿಯಲ್ಲಿ ನಾವು ಮದುವೆ ಮಾಡುವುದಿಲ್ಲ, ಹೊಸ ವ್ಯವಹಾರಕ್ಕೆ ಕೈ ಹಾಕುವುದಿಲ್ಲ. ಕುಶಲಾ ಆಟಿಯಲ್ಲಿ ಹೊಸ ಪೊರಕೆಯನ್ನೂ ಕೊಳ್ಳುವವಳಲ್ಲ. ಅಂಥವಳು ಇಂದು ಬಂದಿದ್ದಾಳೆ. ಕಾರಣ ಕೊನೆಗೆ ಹೇಳುತ್ತೇನೆ.

ಅಧ್ಯಕ್ಷರು ನನ್ನನ್ನು ಸಂಗನಮಟ್ಟಿಯ ಹೆಸರು ಉಳಿಸಿದ ಮಹನೀಯರು ಎಂದರು. ಕೇಳಲು ಸುಖವಾಗಿತ್ತು. ಆದರೆ ಅದು ನಿಜವೇ? ನಿಜವಲ್ಲ.

ನಾನು ಕಾಪುವಿನವನು. ಹದಿನಾಲ್ಕು ವರ್ಷ ಮಸ್ಕತ್ತಿನಲ್ಲಿ ಟೈಪಿಸ್ಟ್ ಆಗಿದ್ದೆ, ಅರಬ್ಬಿಯಲ್ಲೂ ಟೈಪು ಮಾಡುತ್ತಿದ್ದೆ. ಊರಿಗೆ ಮರಳಿ ಕಡಿಯಾಳಿಯಲ್ಲಿ ಸೈಬರ್ ಸೆಂಟರ್ ತೆರೆದೆ. ಎರಡು ಸಾವಿರದ ಒಂದರಲ್ಲಿ, ಇನ್ನು ಇಂಟರ್ನೆಟ್ ವಿಳಾಸಗಳನ್ನು ಇಂಗ್ಲಿಷ್ ಅಲ್ಲದ ಅಕ್ಷರಗಳಲ್ಲೂ ಬರೆಸಿಕೊಳ್ಳಬಹುದು ಎಂದು ಓದಿದೆ. ಮೊದಲು ಯಾರು ಬರೆಸುತ್ತಾರೋ ಹೆಸರು ಅವರದು. ನನ್ನ ತಲೆ ತಿರುಗಿತು. ಸಲಾಲಾ, ಸೂರ್, ನಿಝ್ವಾ, ನಾನು ನೋಡಿದ, ನೋಡದ ಮೂವತ್ತೇಳು ಊರುಗಳನ್ನು ಅರಬ್ಬಿ ಅಕ್ಷರಗಳಲ್ಲಿ ನನ್ನ ಹೆಸರಿಗೆ ಬರೆಸಿದೆ. ಮುಂದೆ ಅಲ್ಲಿನವರು ಹುಡುಕಿಕೊಂಡು ಬಂದು ಕೊಳ್ಳುತ್ತಾರೆ, ನಾನು ಕಡಿಯಾಳಿಯಲ್ಲೇ ಕುಳಿತು ಶೇಖ್ ಆಗುತ್ತೇನೆ ಎಂಬ ಲೆಕ್ಕಾಚಾರ. ಅಂದು ಆಗಸ್ಟ್ ಹತ್ತು. ಆಟಿ. ಕುಶಲಾಳಿಗೆ ಹೇಳಲಿಲ್ಲ.

ಆಗ ಸೆಂಟರಿನಲ್ಲಿ ನೆಲ ಒರೆಸುತ್ತಿದ್ದವರು ಹನುಮವ್ವ. ನಾನು ಎಂತ ಮಾಡುತ್ತಿದ್ದೇನೆ ಎಂದು ಕೇಳಿದರು, ಹೇಳಿದೆ. ಒರೆಸುವ ಬಟ್ಟೆ ಕೆಳಗಿಟ್ಟು, "ಸರ, ನಮ್ಮೂರು ಡ್ಯಾಮಿನ ನೀರಾಗ ಹೋಗೇತ್ರಿ. ಇದರಾಗರ ಇರ್ಲಿ, ಕನ್ನಡದಾಗ ಬರೀರಿ" ಎಂದರು. ನೀರಿನಡಿ ಇರುವ ಊರನ್ನು ಯಾರು ಕೊಳ್ಳುತ್ತಾರೆ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟರು. ಮೂವತ್ತೆಂಟನೆಯದಾಗಿ ಸಂಗನಮಟ್ಟಿಯನ್ನೂ ಬರೆಸಿದೆ. ಅದು ಕೂಡ ನನ್ನ ಹೆಸರಿಗೇ, ಯಾಕೆಂದರೆ ಅವರಿಗೆ ಇಮೇಲ್ ಇರಲಿಲ್ಲ.

ಐದು ವರ್ಷಕ್ಕೆ ಹಣ ಕಟ್ಟಿದ್ದೆ. ಅಷ್ಟೂ ವರ್ಷ ಒಬ್ಬನೂ ಕೇಳಲಿಲ್ಲ. ಎರಡು ಸಾವಿರದ ಆರರ ಜುಲೈಯಲ್ಲಿ, ಗಡುವು ಮುಗಿಯುತ್ತದೆ ಎಂದು ಪತ್ರ ಬಂದಾಗ ಹೆಂಡತಿಯ ಎದುರು ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಬೈಯಲಿಲ್ಲ. "ಆಟಿಯಲ್ಲಿ ತೆಗೆದುಕೊಂಡದ್ದು, ಹೇಗೆ ಮಾರಾಟ ಆಗುತ್ತದೆ? ಈ ಸಲವಾದರೂ ಸೋಣ ಸಂಕ್ರಾಂತಿ ಕಳೆದು ಕಟ್ಟಿ" ಎಂದಳು. ಗಡುವು ದಾಟಿದರೂ ಕೆಲವು ದಿನ ಬಿಡುತ್ತಾರೆ ಎಂದು ಎಲ್ಲೋ ಓದಿದ್ದೆ. ಒಂದು ವಾರ ತಾನೇ ಎಂದು ಒಪ್ಪಿದೆ.

ಜುಲೈ ಕೊನೆಯ ಸೋಮವಾರ ಹನುಮವ್ವ ತಲೆಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದರು. ಹಣ ಮೇಜಿನ ಮೇಲಿಟ್ಟರು. ಆಟಿ ಕಳೆಯಲಿ, ಸೋಣದಲ್ಲಿ ಕಟ್ಟುವ ಮಾರಾಯ್ತಿ ಎಂದೆ. "ಇವತ್ತ ಶ್ರಾವಣ ಸೋಮವಾರ ಐತ್ರಿ ಸರ. ಇಂಥಾ ದಿನ ಬಿಟ್ಟು ಮತ್ಯಾವಾಗ ಕಟ್ಟೂದು?" ಎಂದು ಅಲ್ಲೇ ನಿಂತರು. ಅವರ ಒಂದನ್ನು ಕಟ್ಟಿದೆ. ಅದೇ ಕೈಯಲ್ಲಿ ನನ್ನ ಮೂವತ್ತೇಳನ್ನು ಸೋಣಕ್ಕೆಂದು ಬಿಟ್ಟೆ.

ಸೋಣದ ಮೊದಲ ದಿನ ದೀಪ ಹಚ್ಚಿ ಕಂಪ್ಯೂಟರ್ ತೆರೆದರೆ ಸಲಾಲಾ ಇಲ್ಲ, ಸೂರ್ ಇಲ್ಲ, ನಿಝ್ವಾ ಇಲ್ಲ. ಹೆಸರು ಬರೆಸಿಕೊಟ್ಟಿದ್ದ ಏಜೆಂಟ್ ಗಡುವಿನ ಮೇಲೆ ಒಂದು ದಿನವನ್ನೂ ಬಿಟ್ಟಿರಲಿಲ್ಲ, ಯಾರೋ ಕಾದು ಕುಳಿತವರು ಎತ್ತಿಕೊಂಡಿದ್ದರು. ಅದೇ ವರ್ಷದ ಕೊನೆಗೆ ಎಲ್ಲ ಅಕ್ಷರಗಳನ್ನೂ ಓದುವ ಹೊಸ ಬ್ರೌಸರ್ ಬಂತು, ಅಂಥ ವಿಳಾಸಗಳು ಎಲ್ಲರ ಕಂಪ್ಯೂಟರಿನಲ್ಲೂ ತೆರೆಯತೊಡಗಿದವು. ಇದಕ್ಕೆ ಎಂತ ಹೇಳುವುದು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಉಳಿದದ್ದು ಸಂಗನಮಟ್ಟಿ ಒಂದೇ. ಬೇಸರಕ್ಕೆ ಆ ವಿಳಾಸದಲ್ಲಿ ಹನುಮವ್ವನ ಬಳಿ ಇದ್ದ ಊರಿನ ಶಾಲೆಯ ಫೋಟೋ ಹಾಕಿದೆ. ಪುಣೆಯಿಂದ ಒಬ್ಬರು ಬರೆದರು, ಗೋವಾದಿಂದ ಇಬ್ಬರು. ಇಂದು ಇಲ್ಲಿ ಕುಳಿತಿರುವ ನೀವು ಹೀಗೆ ಒಬ್ಬರನ್ನೊಬ್ಬರು ಕಂಡುಕೊಂಡವರು.

ಇನ್ನೊಂದು ಮಾತು ಉಂಟು. ಇದನ್ನು ಹೇಳದೆ ಸನ್ಮಾನದ ಈ ಶಾಲನ್ನು ಹೊದೆಯಲಾರೆ. ಕಳೆದ ವರ್ಷ ಒಬ್ಬ ಸೈಟು ಮಾರುವವನು ತನ್ನ ಬಡಾವಣೆಗೆ ಸಂಗನಮಟ್ಟಿ ಎಂದು ಹೆಸರಿಡುತ್ತೇನೆ, ವಿಳಾಸವನ್ನು ತನಗೆ ಮಾರಿ ಎಂದು ಬರೆದ. ಅವನು ಹೇಳಿದ ಬೆಲೆಗೆ ನನ್ನ ಮೂವತ್ತೇಳರ ನಷ್ಟ ತುಂಬುತ್ತಿತ್ತು. ಹೆಸರು ಯಾರದು? ಕಾಗದದಲ್ಲಿ ನನ್ನದು. ನಾಲ್ಕು ದಿನ ಅವನಿಗೆ ಬೇಡ ಎಂದು ಬರೆಯಲಿಲ್ಲ ಸಭಿಕರೇ. ಆ ನಾಲ್ಕು ದಿನವೂ ಹನುಮವ್ವ ಕೆಲಸ ಮುಗಿಸಿ, ಮೂರನೆಯ ಕಂಪ್ಯೂಟರಿನ ಮುಂದೆ ಕುಳಿತು ಆ ಶಾಲೆಯ ಫೋಟೋ ನೋಡಿ ಹೋಗುತ್ತಿದ್ದರು. ಐದನೆಯ ದಿನ ಬೇಡ ಎಂದು ಬರೆದೆ. ಆದರೆ ನಾಲ್ಕು ದಿನ ನಾಲ್ಕು ದಿನವೇ. ನನಗೆ ನಾಚಿಕೆಯಾಗುತ್ತದೆ.

ಹೆಸರನ್ನು ಹನುಮವ್ವನಿಗೆ ಬರೆದುಕೊಡುವ ಕಾಗದ ತಿಂಗಳಿಂದ ಸಿದ್ಧವಾಗಿ ಮನೆಯಲ್ಲಿತ್ತು. ಸೋಣ ಬರಲಿ ಎಂದು ನಾನೇ ಇಟ್ಟಿದ್ದೆ. ಈ ಬೆಳಿಗ್ಗೆ ಕುಶಲಾ ಅದನ್ನು ತೆಗೆದು ನನ್ನ ಕಿಸೆಯಲ್ಲಿಟ್ಟು ಹೇಳಿದಳು, "ನಮ್ಮದನ್ನು ಕೊಡುವುದಾದರೆ ಆಟಿ ನೋಡಬೇಕು. ಇದು ಅವರದ್ದೇ ಅಲ್ವಾ? ಇವತ್ತೇ ಕೊಡಿ. ನಾನೂ ಬರುತ್ತೇನೆ."

ಹನುಮವ್ವ, ಹಿಂದೆ ಬಾಗಿಲ ಬಳಿ ಚಹಾ ಬಗ್ಗಿಸುವುದನ್ನು ಬಿಟ್ಟು ಇಲ್ಲಿ ಬನ್ನಿ. ಈ ಕಾಗದವೂ ನಿಮ್ಮದು, ಈ ಶಾಲೂ ನಿಮ್ಮದು. ಕೇಳಿದ ನಿಮಗೆಲ್ಲ, ನನ್ನ ಮಾತು ಮುಗಿಯುವವರೆಗೆ ಕಾದ ಚಹಾಕ್ಕೂ ಸೇರಿಸಿ ಧನ್ಯವಾದ. ಮೊದಲ ನಮಸ್ಕಾರ ಹನುಮವ್ವನಿಗೆ, ಉಳಿದದ್ದು ಸಭೆಗೆ. ನಮಸ್ಕಾರ.