ಮೆಟ್ಟಲಾದ ಗೋರಿಕಲ್ಲು

೧೯೭೯. ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಸರಸ್ವತಿಬಾಯಿಯ ಪಕ್ಕ ಇಬ್ಬರು ಕೂತಿದ್ದರು: ಕಲ್ಲು ಕೆತ್ತುವ ಗೌಸಸಾಬ, ಯುದ್ಧದಲ್ಲಿ ಸತ್ತ ಸಿಪಾಯಿಯ ಹೆಂಡತಿ ಅಲ್ಮಾಸಬಿ.

“ಸಿಪಾಯಿಗಳ ಖಬರಸ್ತಾನದಾಗ ಎಂಟು ಕಲ್ಲು ನಿಲ್ಲಿಸಿದ್ದೆ. ಈಗ ಏಳ ಅದಾವ, ನಿನ್ನ ಗಂಡಂದ ಇಲ್ಲ,” ಎಂದ ಗೌಸಸಾಬ.

“ನನ್ನ ಗಂಡನ ಕಲ್ಲು ಎಲ್ಲೈತಿ?”

“ಶಿರಹಟ್ಟಿ ಗುತ್ತಿಗೆದಾರನ ಮನಿ ಮೆಟ್ಟಲಾಗೇತಿ. ಹೆಸರು ತಳಕ್ಕ ಹೋಗೇತಿ, ಅಂಚಿನ್ಯಾಗ ನಾ ಕೊರೆದ ಬಳ್ಳಿ ಕಾಣ್ತೈತಿ.”

“ದಿನಾ ತುಳೀತಾನಲ್ಲ!”

“ಪೊಲೀಸರಿಗೆ ಹೇಳೂಣೇನು?”

“ಬ್ಯಾಡ. ಇವತ್ತ ಅವನ ಮಗಳ ನಿಶ್ಚಯ. ಬೀಗರು ಬರೂದ್ರಾಗ ಆ ಮೆಟ್ಟಲಿಗೆ ಹೂವಿನ ಚಾದರ ಹೊಚ್ತೀನಿ. ಊದಬತ್ತಿ ಹಚ್ಚಿ ಸತ್ತ ಗಂಡನ ಹೆಸರಿಲೆ ಫಾತಿಹಾ ಓದ್ತೀನಿ. ಯಾರು ದಾಟಿ ಒಳಗ ಹೊಕ್ಕಾರ ನೋಡೇಬಿಡ್ತೀನಿ.”

ಬಸ್ಸು ಬಂತು. ಇಬ್ಬರೂ ಹತ್ತಿದರು. ಅದೇ ನಿಶ್ಚಯಕ್ಕೆ ಹೊರಟಿದ್ದ ಸರಸ್ವತಿಬಾಯಿ ಹತ್ತಲಿಲ್ಲ. ಮದುವಣಗಿತ್ತಿಗೆಂದು ತಂದಿದ್ದ ಮಲ್ಲಿಗೆ ದಂಡೆಯನ್ನು ಕಿಟಕಿಯೊಳಗೆ ಚಾಚಿದಳು.

“ಚಾದರಕ್ಕ ಇದನ್ನೂ ಸೇರಸ್ರಿ.”