ಹೋದ ವರ್ಷದವಳ ಬ್ಯಾಡ್ಜು

ಬಸ್ಸಿನಲ್ಲಿ ಟೈಲರಪ್ಪನ ಎದುರು ಸೀಟಿಗೆ ಯೂನಿವರ್ಸಿಟಿಯ ಇಬ್ಬರು ಹುಡುಗಿಯರು ಬಂದು ಕೂತರು. ಒಬ್ಬಳು ಕೆಲಸ ಮುಗಿಸಿ ಬಂದವಳು. ಬಟ್ಟೆ ಅಂಗಡಿಯ ಬ್ಯಾಡ್ಜು ಎದೆಯ ಮೇಲೆ ಇನ್ನೂ ಹಾಗೇ ಇತ್ತು. ಮಾತು ಕಿವಿಗೆ ಬಿದ್ದರೆ ಬೇಡವೆನ್ನುವ ಜಾಯಮಾನ ಟೈಲರಪ್ಪನದಲ್ಲ.

"ಇದು ನಿನ್ನ ಹೆಸರಲ್ವಲ್ಲೇ?" ಗೆಳತಿ ಕೇಳಿದಳು.

"ಹೋದ ವರ್ಷ ಇದ್ದವಳದು. ಎರಡು ತಿಂಗಳ ಸೀಸನ್ನಿಗೆ ಬಂದೋರಿಗೆಲ್ಲ ಹೊಸದು ಯಾಕೆ ಅಂತಾರೆ ಮ್ಯಾನೇಜರು."

"ನಿನ್ನ ಕರ್ಮ."

"ಕೇಳಿಲ್ಲಿ. ಇವತ್ತು ಅಂಗಡಿಗೆ ನಮ್ಮ ಕ್ಲಾಸಿನ ಮೇಡಂ ಬಂದಿದ್ರು. ಟ್ರಯಲ್ ರೂಮಿಗೆ ಒಂಬತ್ತು ಡ್ರೆಸ್ ಹೊತ್ತುಕೊಟ್ಟೆ."

"ಅಟೆಂಡೆನ್ಸ್ ವಿಷಯ ಎತ್ತಿದ್ಯಾ? ಅವರು ಸೈನ್ ಹಾಕ್ದಿದ್ರೆ ನಿನ್ನನ್ನ ಪರೀಕ್ಷೆಗೆ ಕೂರಿಸಲ್ಲ ಕಣೇ."

"ಎತ್ತೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಬ್ಯಾಡ್ಜ್ ಓದಿ, ಅದರಲ್ಲಿದ್ದ ಹೆಸರು ಹಿಡಿದು ಥ್ಯಾಂಕ್ಸ್ ಅಂದ್ರು."

"ಎರಡು ವರ್ಷ ಅವರ ಕಣ್ಣೆದುರಿಗೇ ಕೂತಿದ್ದೀಯಲ್ಲೇ!"

"'ಚುರುಕಾಗಿದ್ದೀಯ, ನೀನೂ ಓದ್ಬಹುದಿತ್ತಲ್ಲಮ್ಮಾ' ಅಂತ ಬುದ್ಧಿ ಬೇರೆ ಹೇಳಿದ್ರು."

"ನೀನೇನಂದೆ?"

"ಹೂಂ ಮೇಡಂ ಅಂದೆ. ಮ್ಯಾನೇಜರು ಪಕ್ಕದಲ್ಲೇ ನಿಂತಿದ್ರು."

ಸ್ಟಾಪ್ ಬಂತು. ಇಬ್ಬರೂ ದಡಬಡ ಎದ್ದರು. ಬ್ಯಾಡ್ಜಿನ ಹುಡುಗಿಯ ನೋಟ್‌ಬುಕ್ಕು ಸೀಟಿನಲ್ಲೇ ಉಳಿಯಿತು. ಟೈಲರಪ್ಪ "ಏನಮ್ಮಾ!" ಎಂದು ಕೂಗಿದರೆ ಬಾಗಿಲಲ್ಲಿದ್ದ ಹೆಂಗಸರೆಲ್ಲ ತಿರುಗಿದರು, ಅವಳೊಬ್ಬಳು ತಿರುಗಲಿಲ್ಲ. ಅವಳ ನಿಜವಾದ ಹೆಸರು ಅವನಿಗೇನು ಗೊತ್ತು? ಬೇರೆ ದಾರಿ ಕಾಣದೆ ಬ್ಯಾಡ್ಜಿನಲ್ಲಿದ್ದ ಹೆಸರನ್ನೇ ಕೂಗಿದ.

ಅವಳು ತಟಕ್ಕನೆ ತಿರುಗಿ, ಮುಖದ ತುಂಬ ನಗು ತಂದುಕೊಂಡು ಕೇಳಿದಳು:

"ಹೇಳಿ ಸರ್, ಯಾವ ಸೈಜ್ ಕೊಡ್ಲಿ?"